ಚಾರ್ಟಿನಲ್ಲಿ ನಾವು ಬಿಟ್ಟ ಒಂದು ಸಾಲು: ಶಕುಂತಲಾ ದೇವಿ

ಹೋದ ವರ್ಷ ರಾಜ್ಯೋತ್ಸವದ ವಾರದಲ್ಲಿ ನಮ್ಮ ಕನ್ನಡ ಸಂಘದ ಆರು ಜನ ಹಿರೇಗುಂಟನೂರಿಗೆ ಹೋಗಿದ್ದೆವು. ಸಂಘದ ಗೆಳೆಯನೊಬ್ಬನ ಊರು ಅದು. ಚಿತ್ರದುರ್ಗದಲ್ಲಿ ಬಸ್ಸು ಬದಲಾಯಿಸಿ, ಅವನ ಮನೆಯಲ್ಲಿ ಮುದ್ದೆ ಊಟ ಮುಗಿಸಿ, ಶಾಲೆಯ ಮಕ್ಕಳಿಗೆ ಒಂದಿಷ್ಟು ಲೆಕ್ಕದ ಆಟ ತೋರಿಸಿ ಬರೋಣ ಅಂತ ಪ್ಲಾನ್. ನವೆಂಬರ್ 4 ಶಕುಂತಲಾ ದೇವಿಯವರ ಹುಟ್ಟಿದ ದಿನ. ರಾಜ್ಯೋತ್ಸವ ಕಳೆದು ಮೂರೇ ದಿನಕ್ಕೆ ಬರುತ್ತೆ. ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡದ ಹೆಣ್ಣುಮಗಳು, ಗಣಿತದಲ್ಲಿ ಹೆಸರು ಮಾಡಿದವರು. ಇದಕ್ಕಿಂತ ಒಳ್ಳೆ ವಿಷಯ ಬೇಕಾ?

ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕೂತು ಚಾರ್ಟ್ ಬರೆದೆವು. ಹುಟ್ಟಿದ್ದು, ಗಿನ್ನೆಸ್ ದಾಖಲೆ, ಬರೆದ ಪುಸ್ತಕಗಳು. ಪುಸ್ತಕಗಳ ಪಟ್ಟಿಯಲ್ಲಿ ಒಂದು ಹೆಸರು ಬಂದಾಗ ಸ್ಕೆಚ್ ಪೆನ್ನು ನಿಂತಿತು: ದಿ ವರ್ಲ್ಡ್ ಆಫ್ ಹೋಮೋಸೆಕ್ಶುವಲ್ಸ್, 1977. ಯಾರೋ ನಕ್ಕರು. ಎಲ್ಲರೂ ನಕ್ಕೆವು. ಆಮೇಲೆ ಆ ಸಾಲನ್ನು ಬಿಟ್ಟೆವು. ಮರುದಿನ ಶಾಲೆಯಲ್ಲಿ ಒಬ್ಬ ಹುಡುಗಿ ಅವರು ಇನ್ನೂ ಯಾವ ಯಾವ ಪುಸ್ತಕ ಬರೆದಿದ್ದಾರೆ ಅಂತ ಕೇಳಿದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಗಟಿನ ಪುಸ್ತಕಗಳ ಹೆಸರು ಹೇಳಿ ಮುಗಿಸಿದೆವು. ವಾಪಸ್ ಬರುವ ಬಸ್ಸಿನಲ್ಲಿ ಅದು ಸ್ವಲ್ಪ ಚುಚ್ಚುತ್ತಲೇ ಇತ್ತು. ಬಿಟ್ಟ ಸಾಲನ್ನು ಸೇರಿಸಿ ಅವರ ಕಥೆಯನ್ನು ಈಗ ಪೂರ್ತಿ ಹೇಳುತ್ತೇವೆ.

ಶಕುಂತಲಾ ದೇವಿ ಹುಟ್ಟಿದ್ದು 1929ರಲ್ಲಿ, ಬೆಂಗಳೂರಿನ ಬಡ ಕನ್ನಡ ಬ್ರಾಹ್ಮಣ ಕುಟುಂಬದಲ್ಲಿ. ಮನೆತನದ ಕಸುಬು ಪೌರೋಹಿತ್ಯ. ತಂದೆ ಸಿ. ವಿ. ಸುಂದರರಾಜ ರಾವ್ ಅದನ್ನು ಒಲ್ಲೆ ಅಂದು ಸರ್ಕಸ್ ಸೇರಿದರು. ಉಯ್ಯಾಲೆ ಮೇಲೆ ಹಾರುವುದು, ಹಗ್ಗದ ಮೇಲೆ ನಡೆಯುವುದು, ಸಿಂಹ ಪಳಗಿಸುವುದು, ಜಾದೂ, ಎಲ್ಲ ಮಾಡಿದವರು ಅವರು. ಮಗಳಿಗೆ ಮೂರು ವರ್ಷವಿದ್ದಾಗ ಇಸ್ಪೀಟಿನ ಜಾದೂ ಕಲಿಸಲು ಹೋದರೆ, ಮಗಳು ಎಲೆಗಳ ಕ್ರಮವನ್ನೇ ನೆನಪಿಟ್ಟುಕೊಂಡು ಅಪ್ಪನನ್ನು ಸೋಲಿಸಿಬಿಟ್ಟಳಂತೆ. ಅಪ್ಪ ಸರ್ಕಸ್ ಬಿಟ್ಟು ಮಗಳನ್ನು ಕರೆದುಕೊಂಡು ಊರೂರು ಪ್ರದರ್ಶನ ಶುರು ಮಾಡಿದರು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರದರ್ಶನ ಆಯಿತು. ಶಾಲೆಯ ಓದು ಮಾತ್ರ ಆಗಲಿಲ್ಲ. ನಮಗೆ ಎಂ1, ಎಂ2 ಬ್ಯಾಕ್‌ಲಾಗ್ ಇರುತ್ತೆ, ಅವರಿಗೆ ಶಾಲೆಯೇ ಇರಲಿಲ್ಲ. 1944ರಲ್ಲಿ ಅಪ್ಪ-ಮಗಳು ಲಂಡನ್ನಿಗೆ ಹೋದರು. ಅಲ್ಲಿಂದ ಮುಂದೆ ಪ್ರಪಂಚ ಪೂರ್ತಿ ಸುತ್ತಾಟ.

ಅವರ ಲೆಕ್ಕದ ರುಚಿ ಗೊತ್ತಾಗಬೇಕಾದರೆ ನಾವು ಶಾಲೆಯಲ್ಲಿ ತೋರಿಸಿದ ಪುಟ್ಟ ಆಟ ನೋಡಿ. 175616ರ ಘನಮೂಲ ಎಷ್ಟು? ಕೊನೆಯ ಮೂರು ಅಂಕಿ ಮುಚ್ಚಿ, ಉಳಿದದ್ದು 175. ಅದು 125 ಮತ್ತು 216ರ ನಡುವೆ ಇದೆ, ಅಂದರೆ 5ರ ಘನ ಮತ್ತು 6ರ ಘನದ ನಡುವೆ. ಹಾಗಾಗಿ ಮೊದಲ ಅಂಕಿ 5. ಇಡೀ ಸಂಖ್ಯೆ 6ರಲ್ಲಿ ಮುಗಿಯುತ್ತೆ, ಘನ 6ರಲ್ಲಿ ಮುಗಿಯಬೇಕಾದರೆ ಮೂಲವೂ 6ರಲ್ಲೇ ಮುಗಿಯಬೇಕು. ಉತ್ತರ 56. ಮಕ್ಕಳು ಹತ್ತೇ ನಿಮಿಷದಲ್ಲಿ ಕಲಿತುಬಿಟ್ಟರು. ಆದರೆ ಶಕುಂತಲಾ ದೇವಿ ಮಾಡುತ್ತಿದ್ದದ್ದು ಬೇರೆ ಲೆವೆಲ್. 1977ರಲ್ಲಿ ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಒಂದು ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು: 546372891. ಅದನ್ನು ಪರೀಕ್ಷಿಸಲು ಯೂನಿವ್ಯಾಕ್ 1101 ಕಂಪ್ಯೂಟರಿಗೆ ಪ್ರತ್ಯೇಕ ಪ್ರೋಗ್ರಾಂ ಬರೆಯಬೇಕಾಯಿತು, ಅದಕ್ಕೆ ಹಿಡಿದದ್ದು 62 ಸೆಕೆಂಡ್. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870 ಮತ್ತು 2465099745779 ಈ ಎರಡನ್ನು ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ಟರು. ಗಿನ್ನೆಸ್ ಪುಸ್ತಕಕ್ಕೆ ಹೋದದ್ದು ಇದೇ ಲೆಕ್ಕ.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಕಥೆ. ಈಗ ಅದೇ 1977ಕ್ಕೆ ಮತ್ತೆ ಬನ್ನಿ. ಆ ವರ್ಷವೇ ಅವರ ಫಿಗರಿಂಗ್ ಎಂಬ ಗಣಿತದ ಪುಸ್ತಕ ಬಂತು. ಅದೇ ವರ್ಷ ನಾವು ಚಾರ್ಟಿನಿಂದ ಬಿಟ್ಟ ಪುಸ್ತಕವೂ ಬಂತು. ಸಲಿಂಗ ಪ್ರೇಮದ ಬಗ್ಗೆ ಭಾರತದಲ್ಲಿ ಬಂದ ಮೊದಲ ಅಧ್ಯಯನ ಅಂತ ಅದನ್ನು ಇವತ್ತು ಗುರುತಿಸುತ್ತಾರೆ.

ಆಗಿನ ಕಾಲ ಹೇಗಿತ್ತು ಅಂತ ಸ್ವಲ್ಪ ನೆನಪಿಸಿಕೊಳ್ಳಬೇಕು. ಅಮೆರಿಕದಲ್ಲಿ ಆಲ್ಫ್ರೆಡ್ ಕಿನ್ಸಿ ಎಂಬ ಪ್ರಾಣಿಶಾಸ್ತ್ರಜ್ಞ ಸಾವಿರಾರು ಜನರನ್ನು ಮಾತಾಡಿಸಿ ಗಂಡಸರ ಲೈಂಗಿಕತೆಯ ಬಗ್ಗೆ 1948ರಲ್ಲೇ ದೊಡ್ಡ ವರದಿ ತಂದಿದ್ದರು. ಇಂಗ್ಲೆಂಡ್ 1967ರಲ್ಲಿ ತನ್ನ ಕಾನೂನನ್ನು ಸಡಿಲಿಸಿತ್ತು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿತ್ತು. ನಮ್ಮಲ್ಲಿ? ಬ್ರಿಟಿಷರು 1860ರಲ್ಲಿ ಬರೆದಿಟ್ಟು ಹೋದ ದಂಡ ಸಂಹಿತೆಯ 377ನೇ ಕಲಂ ಹಾಗೇ ಇತ್ತು. ಅದರ ಪ್ರಕಾರ ಜೀವಾವಧಿ ಶಿಕ್ಷೆಯನ್ನೂ ಕೊಡಬಹುದಿತ್ತು. ಇಂಗ್ಲೆಂಡ್ ತನ್ನ ಮನೆಯಲ್ಲಿ ಬಿಟ್ಟ ಕಾನೂನನ್ನು ನಾವು ನಮ್ಮ ಮನೆಯಲ್ಲಿ ಜೋಪಾನ ಮಾಡಿಕೊಂಡು ಕೂತಿದ್ದೆವು. ಇಂಥದ್ದರಲ್ಲಿ ಡಿಗ್ರಿ ಇಲ್ಲದ, ಯಾವ ವಿಶ್ವವಿದ್ಯಾಲಯದ ಬೆಂಬಲವೂ ಇಲ್ಲದ ಒಬ್ಬ ಹೆಂಗಸು ಈ ವಿಷಯ ಎತ್ತಿಕೊಂಡರು.

ಅವರು ಮಾಡಿದ ಕೆಲಸ ಸರಳ. ಆವರೆಗೆ ಬೇರೆ ಬೇರೆ ದೇಶಗಳಲ್ಲಿ ಬಂದಿದ್ದ ಅಧ್ಯಯನಗಳನ್ನು ಓದಿ ಒಂದು ಕಡೆ ಇಟ್ಟರು. ಆಮೇಲೆ ಹೋಗಿ ಜನರನ್ನು ಮಾತಾಡಿಸಿದರು. ನಮ್ಮ ದೇಶದಲ್ಲೇ ಬಚ್ಚಿಟ್ಟುಕೊಂಡು ಬದುಕುತ್ತಿದ್ದ ಸಲಿಂಗಿ ಗಂಡಸರನ್ನು ಮಾತಾಡಿಸಿದರು. ಕೆನಡಾದಲ್ಲಿ ಮದುವೆಯ ಮಾನ್ಯತೆ ಬೇಕು ಅಂತ ನಿಂತಿದ್ದ ಇಬ್ಬರು ಗಂಡಸರನ್ನು ಮಾತಾಡಿಸಿದರು. ಅಷ್ಟೇ ಅಲ್ಲ, ಶ್ರೀರಂಗಂನ ವೈಷ್ಣವ ದೇವಸ್ಥಾನದ ಅರ್ಚಕರೂ ಸಂಸ್ಕೃತ ವಿದ್ವಾಂಸರೂ ಆಗಿದ್ದ ಹಿರಿಯರೊಬ್ಬರ ಹತ್ತಿರ ಹೋಗಿ, ಇಂಥ ಪ್ರೀತಿ ಯಾಕೆ ಹುಟ್ಟುತ್ತೆ ಅಂತ ಕೇಳಿದರು. ಹಿಂದಿನ ಜನ್ಮದಲ್ಲಿ ಅವರಿಬ್ಬರು ಗಂಡು-ಹೆಣ್ಣಾಗಿ ಪ್ರೀತಿಸಿದ್ದಿರಬೇಕು, ಈ ಜನ್ಮದಲ್ಲಿ ದೇಹ ಬದಲಾಗಿದೆ, ಆತ್ಮ ಅದೇ, ಹಾಗಾಗಿ ಆ ಸೆಳೆತ ಉಳಿದಿದೆ ಎಂಬುದು ಆ ಹಿರಿಯರ ವಿವರಣೆ. ಜನ್ಮಾಂತರ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಮಗೆ ಆಶ್ಚರ್ಯ ಆದದ್ದು ಆ ಹಿರಿಯರು ಬೈಯಲಿಲ್ಲ ಎಂಬುದು. ಪ್ರಶ್ನೆ ಕೇಳಿದರೆ ಬೈಗುಳವೇ ಬರುತ್ತೆ ಅಂತ ನಾವೆಲ್ಲ ಮೊದಲೇ ಅಂದುಕೊಂಡಿರುತ್ತೀವಲ್ಲ!

ಪುಸ್ತಕದ ಕೊನೆಗೆ ಅವರು ಇಟ್ಟ ಬೇಡಿಕೆ ಎರಡು ಭಾಗದ್ದು. ಇದನ್ನು ಅಪರಾಧ ಅನ್ನುವ ಕಾನೂನು ಹೋಗಬೇಕು. ಕಾನೂನು ಹೋದರಷ್ಟೇ ಸಾಲದು, ಸಹಿಸಿಕೊಳ್ಳುವುದಾಗಲಿ ಅಯ್ಯೋ ಪಾಪ ಅನ್ನುವುದಾಗಲಿ ಬೇಡ, ಸಮಾಜ ಪೂರ್ತಿಯಾಗಿ ಒಪ್ಪಿಕೊಳ್ಳಬೇಕು. 1977ರಲ್ಲಿ!

ಈ ವಿಷಯಕ್ಕೆ ಅವರು ಯಾಕೆ ಕೈ ಹಾಕಿದರು? 1960ರಲ್ಲಿ ಅವರು ಕೋಲ್ಕತ್ತದ ಐಎಎಸ್ ಅಧಿಕಾರಿಯೊಬ್ಬರನ್ನು ಮದುವೆಯಾದರು, 1979ರಲ್ಲಿ ಬೇರೆಯಾದರು. ಎಷ್ಟೋ ವರ್ಷಗಳ ನಂತರ ಒಂದು ಸಾಕ್ಷ್ಯಚಿತ್ರದಲ್ಲಿ ಅವರು ತಮ್ಮ ದಾಂಪತ್ಯವೇ ಈ ಪುಸ್ತಕಕ್ಕೆ ಕಾರಣ ಅಂದರು. ಅವರು ತೀರಿಹೋದ ಮೇಲೆ ಮನೆಯವರು ಬೇರೆ ಮಾತು ಹೇಳಿದರು. ಇಬ್ಬರೂ ಈಗ ಇಲ್ಲದಿರುವಾಗ ಅವರ ಮನೆಯೊಳಗಿನದ್ದನ್ನು ಕೆದಕಿ ತೀರ್ಪು ಕೊಡುವುದು ನಮ್ಮ ಕೆಲಸ ಅಲ್ಲ. ಒಂದು ಮಾತು ಮಾತ್ರ ಹೇಳಬಹುದು: ಕಾರಣ ಏನೇ ಇರಲಿ, ಪುಸ್ತಕದಲ್ಲಿ ಯಾರ ಮೇಲೂ ಸೇಡು ಇಲ್ಲ. ಇರುವುದು ಕೇಳುವ ಕುತೂಹಲ.

ಪುಸ್ತಕಕ್ಕೇನಾಯಿತು? ಹೆಚ್ಚೇನೂ ಆಗಲಿಲ್ಲ, ಅದೇ ಬೇಜಾರು. ಒಗಟಿನ ಪುಸ್ತಕಗಳು ಮನೆಮನೆಗೆ ಹೋದವು, ಇದು ಮೂಲೆಗೆ ಸರಿಯಿತು. ಅದರಲ್ಲಿ ಕೊರತೆ ಇಲ್ಲವೆಂದಲ್ಲ. ಇವತ್ತಿನ ಸಂಶೋಧಕರು ಬಳಸುವ ಪದಗಳು, ವಿಧಾನಗಳು ಅದರಲ್ಲಿಲ್ಲ. ಮಾತಾಡಿಸಿದ ಜನ ಬೆರಳೆಣಿಕೆಯಷ್ಟು. ಆದರೆ ಯಾರೂ ಕೇಳದ ಪ್ರಶ್ನೆಯನ್ನು ಮೊದಲು ಕೇಳಿದವರ ಕೈಯಲ್ಲಿ ದೊಡ್ಡ ಸ್ಯಾಂಪಲ್ ಎಲ್ಲಿಂದ ಬರಬೇಕು?

ಉಳಿದ ಬದುಕೂ ಹೀಗೇ, ಒಂದು ಚೌಕಟ್ಟಿಗೆ ಸಿಗಲ್ಲ. 1980ರಲ್ಲಿ ಮುಂಬೈ ದಕ್ಷಿಣದಿಂದಲೂ, ಮೇದಕ್‌ನಲ್ಲಿ ಇಂದಿರಾ ಗಾಂಧಿಯವರ ಎದುರೂ ಪಕ್ಷೇತರರಾಗಿ ಲೋಕಸಭೆಗೆ ನಿಂತು ಸೋತರು. ಜ್ಯೋತಿಷ್ಯ ಹೇಳಿದರು, ಕಾದಂಬರಿಯನ್ನೂ ಬರೆದರು. 1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಕೂರಿಸಿ ಪರೀಕ್ಷೆ ಮಾಡಿದರು. 61629875ರ ಘನಮೂಲ 395, 170859375ರ ಏಳನೇ ಮೂಲ 15. ಜೆನ್ಸನ್ ಪ್ರಶ್ನೆಯನ್ನು ನೋಟ್‌ಬುಕ್ಕಿಗೆ ಇಳಿಸುವ ಮೊದಲೇ ಉತ್ತರ ಬರುತ್ತಿತ್ತು. ಆದರೆ ಬೆಳಕು ಕಂಡ ಕೂಡಲೇ ಬಟನ್ ಒತ್ತುವಂಥ ಸಾಮಾನ್ಯ ವೇಗದ ಪರೀಕ್ಷೆಗಳಲ್ಲಿ ಅವರು ನಮ್ಮ ನಿಮ್ಮ ಹಾಗೆಯೇ ಇದ್ದರು ಅಂತ 1990ರಲ್ಲಿ ಅವರು ಪ್ರಬಂಧ ಬರೆದರು. ಮಾನವ ಕಂಪ್ಯೂಟರ್ ಎಂಬ ಬಿರುದು ಶಕುಂತಲಾ ದೇವಿಯವರಿಗೂ ಇಷ್ಟವಿರಲಿಲ್ಲ. ಮನುಷ್ಯನ ಮನಸ್ಸು ಕಂಪ್ಯೂಟರಿಗಿಂತ ದೊಡ್ಡದು ಅನ್ನುವುದು ಅವರ ನಂಬಿಕೆ. ನಾವೋ, ಚಾರ್ಟಿನ ಮೇಲೆ ಅದೇ ಬಿರುದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೆವು.

2009ರ ಜುಲೈ 2ರಂದು ದೆಹಲಿ ಹೈಕೋರ್ಟು, ವಯಸ್ಕರು ಒಪ್ಪಿ ಖಾಸಗಿಯಾಗಿ ಕೂಡಿದರೆ ಅದು ಅಪರಾಧವಲ್ಲ ಎಂದಿತು. ಶಕುಂತಲಾ ದೇವಿ 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 83 ವರ್ಷ. ಅದೇ ವರ್ಷ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಮತ್ತೆ ಅದೇ ಕೋರ್ಟು 2018ರ ಸೆಪ್ಟೆಂಬರ್ 6ರಂದು, ಪುಸ್ತಕ ಬಂದು 41 ವರ್ಷಕ್ಕೆ, ಅವರ ಬೇಡಿಕೆಯ ಮೊದಲ ಭಾಗವನ್ನು ಈಡೇರಿಸಿತು. ಅವರು ಹೋದಾಗ ನಮ್ಮಲ್ಲಿ ಹೆಚ್ಚಿನವರು ಪ್ರೈಮರಿ ಶಾಲೆಯಲ್ಲಿದ್ದೆವು. ಎರಡನೇ ಭಾಗ ಕೋರ್ಟಿನ ಕೈಯಲ್ಲಿಲ್ಲ, ಅದು ನಮ್ಮಂಥವರ ಪಾಲಿಗೆ ಬಂದಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಫಸ್ಟ್ ಇಯರಿನಲ್ಲಿ ನಮ್ಮ ಜೊತೆಗೊಬ್ಬ ಹುಡುಗನಿದ್ದ. ಅವನ ನಡಿಗೆ, ಕೈ ಆಡಿಸುವ ರೀತಿ ಇಟ್ಟುಕೊಂಡು ನಾವೇ ಒಂದು ಅಡ್ಡಹೆಸರು ಕಟ್ಟಿದ್ದೆವು. ಎರಡನೇ ಸೆಮಿಸ್ಟರಿಗೆ ಅವನು ರೂಮು ಖಾಲಿ ಮಾಡಿ ಪಿಜಿಗೆ ಹೋದ. ಅವನು ಯಾರು, ಏನು ಅಂತ ನಮಗೆ ಗೊತ್ತಿಲ್ಲ. ಕೇಳುವಷ್ಟು ಮರ್ಯಾದೆಯೇ ನಮಗಿರಲಿಲ್ಲ. ಚಾರ್ಟ್ ಬರೆದ ರಾತ್ರಿ ನಾವು ನಕ್ಕದ್ದೂ ಅದೇ ನಗು.

ಹೋದ ತಿಂಗಳು ಅವನನ್ನು ಕ್ಯಾಂಟೀನಿನಲ್ಲಿ ಕರೆದು ಸಾರಿ ಕೇಳಿದೆವು. ಅವನು ಟೀ ಕುಡಿದು, ಪರವಾಗಿಲ್ಲ ಅಂತಲೂ ಹೇಳದೆ ಕ್ಲಾಸಿಗೆ ಹೋದ. ಅದು ಅವನ ಹಕ್ಕು.

ಈ ನವೆಂಬರಿಗೆ ಹಿರೇಗುಂಟನೂರಿನ ಶಾಲೆಗೆ ಮತ್ತೆ ಹೋಗುತ್ತಿದ್ದೇವೆ. ಮೇಷ್ಟ್ರ ಹತ್ತಿರ ಮೊದಲೇ ಮಾತಾಡಿದ್ದೇವೆ. ಚಾರ್ಟಿನಲ್ಲಿ ಈ ಸಲ ಪುಸ್ತಕಗಳ ಪಟ್ಟಿ ಪೂರ್ತಿ ಇರುತ್ತೆ. ಆ ಹುಡುಗಿ ಮತ್ತೆ ಕೇಳಿದರೆ, ಜನರು ತಮಗಿಷ್ಟವಾದವರನ್ನು ಪ್ರೀತಿಸುವುದು ತಪ್ಪಲ್ಲ ಅಂತ ಅವರು ಒಂದು ಪುಸ್ತಕ ಬರೆದರು ಅಂತ ಹೇಳುತ್ತೇವೆ. ಅಷ್ಟು ಸಾಕು. ಘನಮೂಲದ ಆಟವೂ ಇರುತ್ತೆ, ಬರುವವರು ಸಂಘದ ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆಯಿರಿ.