ಮಕ್ಕಾದ ಮುಫ್ತಿ ಅತಾ ಬಿನ್ ಅಬೀ ರಬಾಹ್(ರಹ್)

ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಕಾಲಿಗೆ ಬಲವಿಲ್ಲದ ಒಂದು ಮಗು ಇರಬಹುದು. ದೃಷ್ಟಿ ಇಲ್ಲದ ಒಬ್ಬ ಹುಡುಗಿ ಇರಬಹುದು. ನೆಂಟರು ಬಂದಾಗ ಅಂತಹ ಮಗುವನ್ನು ಒಳಕೋಣೆಗೆ ಕಳುಹಿಸುವ ಮನೆಗಳಿವೆ. ಇದನ್ನು ಓದಿಸಿ ಏನು ಪ್ರಯೋಜನ, ಮದ್ರಸಕ್ಕೆ ಕಳುಹಿಸಿದರೆ ಉಳಿದ ಮಕ್ಕಳು ನಗುತ್ತಾರೆ ಎಂದು ಹೆತ್ತವರೇ ತೀರ್ಮಾನಿಸಿ ಬಿಡುವುದೂ ಇದೆ. ನೀವು ಅಂತಹ ತೀರ್ಮಾನಕ್ಕೆ ಬರುವ ಮುನ್ನ ಒಬ್ಬ ಮಹಾನುಭಾವರ ಜೀವನವನ್ನು ಸ್ವಲ್ಪ ತಿಳಿದುಕೊಳ್ಳಿರಿ.

ಅವರ ಹೆಸರು ಅತಾ ಬಿನ್ ಅಬೀ ರಬಾಹ್(ರಹ್). ಮೂರನೆಯ ಖಲೀಫಾ ಹ. ಉಸ್ಮಾನ್(ರ)ರ ಆಡಳಿತ ಕಾಲದಲ್ಲಿ, ಯಮನ್ ದೇಶದ ಜನದ್ ಎಂಬಲ್ಲಿ ಅವರ ಜನನವಾಯಿತು. ಬೆಳೆದದ್ದು ಮಕ್ಕಾದಲ್ಲಿ. ತಂದೆ ನೂಬಿಯಾ ಮೂಲದವರು, ಬುಟ್ಟಿ ಹೆಣೆದು ಜೀವನ ಸಾಗಿಸುತ್ತಿದ್ದವರು. ತಾಯಿ ಬರಕಃ ಕಪ್ಪು ವರ್ಣದ ಮಹಿಳೆ. ಮನೆತನದ ಹಿರಿಮೆಯಿಲ್ಲ, ಸಂಪತ್ತಿಲ್ಲ. ಅರಬರ ನಡುವೆ ಅವರು ಒಂದು ಕುರೈಶ್ ಮನೆತನದ ಮೌಲಾ, ಅಂದರೆ ಗುಲಾಮಗಿರಿಯ ಹಿನ್ನೆಲೆಯಿಂದ ಬಂದು ಆ ಮನೆತನದ ಆಶ್ರಯದಲ್ಲಿದ್ದವರು.

ಇನ್ನು ಅವರ ಶರೀರದ ಸ್ಥಿತಿಯನ್ನು ಕೇಳಿರಿ. ಚರಿತ್ರೆಕಾರರು ಅದನ್ನು ಮರೆಮಾಚದೆ ಬರೆದಿದ್ದಾರೆ. ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಒಂದು ಕೈಗೆ ಸ್ವಾಧೀನವಿರಲಿಲ್ಲ. ಕಾಲು ಕುಂಟು. ಮೂಗು ಚಪ್ಪಟೆ. ಕೊನೆಗಾಲದಲ್ಲಿ ಉಳಿದೊಂದು ಕಣ್ಣಿನ ಬೆಳಕೂ ಆರಿ ಹೋಯಿತು. ಇಷ್ಟೆಲ್ಲ ಒಬ್ಬನೇ ವ್ಯಕ್ತಿಯಲ್ಲಿ ಸೇರಿದ್ದರೆ ಇಂದು ನಾವು ಅವನನ್ನು ಎಲ್ಲಿ ಕುಳ್ಳಿರಿಸುತ್ತಿದ್ದೆವು? ನಿಮ್ಮ ಮನಸ್ಸನ್ನೇ ಕೇಳಿ ನೋಡಿ.

ಮಕ್ಕಾ ಅವರನ್ನು ಜ್ಞಾನದ ಸಭೆಯಲ್ಲಿ ಕುಳ್ಳಿರಿಸಿತು. ಪ್ರವಾದಿವರ್ಯ(ಸ)ರ ಅನೇಕ ಸಹಾಬಿಗಳು ಆಗ ಜೀವಿಸಿದ್ದರು. ಅತಾ(ರಹ್) ಅವರಿಂದ ಕಲಿಯಲು ಹೊರಟರು. ಹ. ಆಯಿಶಾ(ರ), ಹ. ಅಬೂ ಹುರೈರಾ(ರ), ಹ. ಇಬ್ನು ಉಮರ್(ರ) ಮುಂತಾದವರಿಂದ ಹದೀಸ್ ಕೇಳಿದರು. ಎಲ್ಲಕ್ಕಿಂತ ಹೆಚ್ಚಾಗಿ ಹ. ಅಬ್ದುಲ್ಲಾ ಬಿನ್ ಅಬ್ಬಾಸ್(ರ)ರ ಬಳಿ ಕುಳಿತು ಕುರ್‌ಆನ್ ಮತ್ತು ಕರ್ಮಶಾಸ್ತ್ರ ಕಲಿತರು. ಮಕ್ಕಳಿಗೆ ಓದು ಬರಹ ಕಲಿಸುವ ಉಪಾಧ್ಯಾಯರಾಗಿಯೂ ದುಡಿದರು. ಸುಮಾರು 20 ವರ್ಷಗಳ ಕಾಲ ಮಸ್ಜಿದುಲ್ ಹರಾಮ್‌ನ ನೆಲವೇ ಅವರ ಹಾಸಿಗೆಯಾಗಿತ್ತೆಂದು ಅವರ ಶಿಷ್ಯ ಇಬ್ನು ಜುರೈಜ್ ತಿಳಿಸಿದ್ದಾರೆ.

ಇಬ್ನು ಅಬ್ಬಾಸ್(ರ)ರಂತಹ ಗುರುಗಳೇ ಈ ಶಿಷ್ಯನ ಯೋಗ್ಯತೆಯನ್ನು ಗುರುತಿಸಿದರು. ತಮ್ಮ ಸುತ್ತ ನೆರೆದ ಮಕ್ಕಾದ ಜನರೊಡನೆ, ನಿಮ್ಮ ನಡುವೆ ಅತಾ ಇರುವಾಗ ನನ್ನ ಬಳಿಗೇಕೆ ಬರುತ್ತೀರಿ ಎಂದು ಅವರು ಕೇಳಿದ್ದಾಗಿ ವರದಿಯಾಗಿದೆ. ಹಿಜರಿ 68ರಲ್ಲಿ ಇಬ್ನು ಅಬ್ಬಾಸ್(ರ) ನಿಧನರಾದರು. ಕೊನೆಯ ವರ್ಷಗಳಲ್ಲಿ ಅವರೂ ದೃಷ್ಟಿ ಕಳೆದುಕೊಂಡಿದ್ದರು. ಅವರ ಬಳಿಕ ಮಕ್ಕಾದಲ್ಲಿ ಫತ್ವಾ ನೀಡುವ ಪೀಠ ಅತಾ(ರಹ್)ರಿಗೆ ಒಲಿಯಿತು. ಕಣ್ಣು ಕಾಣದ ಗುರುವಿನಿಂದ ಕಾಲು ಕುಂಟಾದ ಶಿಷ್ಯನಿಗೆ!

ಹಜ್ಜ್‌ನ ದಿನಗಳಲ್ಲಿ ಅತಾರ ಹೊರತು ಬೇರಾರೂ ಜನರಿಗೆ ಫತ್ವಾ ಕೊಡಬಾರದೆಂದು ಉಮಯ್ಯಾ ಆಡಳಿತಗಾರರು ಡಂಗುರ ಸಾರಿಸುತ್ತಿದ್ದರು. ಅವರ ವಿದ್ಯೆ ಎಲ್ಲಿಯವರೆಗೆ ಹರಡಿತ್ತು ಎಂಬುದಕ್ಕೆ ಒಂದು ಘಟನೆ ಕೇಳಿರಿ. ಇಮಾಮ್ ಅಬೂ ಹನೀಫಾ(ರಹ್) ಹಜ್ಜ್‌ಗೆ ಹೋದಾಗ ತಲೆ ಬೋಳಿಸಲು ಒಬ್ಬ ಕ್ಷೌರಿಕನ ಬಳಿ ಕುಳಿತರು. ಕೂಲಿ ಎಷ್ಟೆಂದು ಕೇಳಿದಾಗ, ಆರಾಧನೆಯ ಕರ್ಮದಲ್ಲಿ ಚೌಕಾಸಿ ಮಾಡಬಾರದೆಂದು ಅವನು ತಿದ್ದಿದ. ಕಿಬ್ಲಾದ ಕಡೆ ಮುಖ ಮಾಡಲು, ತಲೆಯ ಬಲಭಾಗವನ್ನು ಮೊದಲು ಕೊಡಲು, ತಕ್ಬೀರ್ ಹೇಳುತ್ತಿರಲು, ಎದ್ದು ಹೋಗುವ ಮುನ್ನ ಎರಡು ರಕಅತ್ ನಮಾಝ್ ಮಾಡಲು ಸೂಚಿಸಿದ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಇಮಾಮರು ವಿಚಾರಿಸಿದಾಗ, ಅತಾ ಬಿನ್ ಅಬೀ ರಬಾಹ್ ಹೀಗೆ ಮಾಡುವುದನ್ನು ಕಂಡಿದ್ದೇನೆ ಎಂದ. ಇಮಾಮರು ಮುಂದೆ ಅತಾ(ರಹ್)ರ ಶಿಷ್ಯರಾದರು. ತಾನು ಕಂಡವರಲ್ಲಿ ಅವರಿಗಿಂತ ಶ್ರೇಷ್ಠರಿಲ್ಲವೆಂದು ಹೇಳುತ್ತಿದ್ದರು.

ಖಲೀಫಾ ಸುಲೈಮಾನ್ ಬಿನ್ ಅಬ್ದುಲ್ ಮಲಿಕ್ ತನ್ನ ಇಬ್ಬರು ಮಕ್ಕಳೊಂದಿಗೆ ಹಜ್ಜ್‌ನ ವಿಧಿಗಳನ್ನು ಕೇಳಲು ಬಂದಾಗ ಅತಾ(ರಹ್) ನಮಾಝ್‌ನಲ್ಲಿದ್ದರು. ವಿಶಾಲ ಸಾಮ್ರಾಜ್ಯದ ಒಡೆಯ ಅವರು ಮುಗಿಸುವವರೆಗೆ ಕಾದು ಕುಳಿತ. ಕೇಳಿದ್ದಕ್ಕೆಲ್ಲ ಉತ್ತರಿಸಿ ಅವರು ಮತ್ತೆ ಅತ್ತ ತಿರುಗಿದರು. ಮರಳುವಾಗ ಖಲೀಫಾ, ವಿದ್ಯೆ ಕಲಿಯುವುದರಲ್ಲಿ ಎಂದೂ ಆಲಸ್ಯ ಮಾಡಬೇಡಿ, ಇವರ ಮುಂದೆ ನಾವು ಎಷ್ಟು ಚಿಕ್ಕವರಾದೆವೆಂಬುದನ್ನು ನಾನು ಮರೆಯಲಾರೆ ಎಂದು ಮಕ್ಕಳಿಗೆ ಬುದ್ಧಿ ಹೇಳಿದ.

ಇಂತಹ ಗೌರವ ಅವರ ತಲೆಗೇರಲಿಲ್ಲ. ಅದಕ್ಕೂ ಮುನ್ನ ಖಲೀಫಾ ಅಬ್ದುಲ್ ಮಲಿಕ್ ಮಕ್ಕಾಕ್ಕೆ ಬಂದಿದ್ದಾಗ ಅವರನ್ನು ತನ್ನ ಪಕ್ಕದಲ್ಲೇ ಸಿಂಹಾಸನದಲ್ಲಿ ಕುಳ್ಳಿರಿಸಿ, ಏನು ಬೇಕೆಂದು ಕೇಳಿದ್ದ. ಅವರು ಕೇಳಿದ್ದೆಲ್ಲ ಇತರರಿಗಾಗಿ. ಮುಹಾಜಿರ್ ಮತ್ತು ಅನ್ಸಾರರ ಮಕ್ಕಳ ವಿಷಯದಲ್ಲಿ, ಗಡಿ ಕಾಯುವವರ ವಿಷಯದಲ್ಲಿ ಅಲ್ಲಾಹನನ್ನು ಭಯಪಡಬೇಕೆಂದರು. ಅಹವಾಲು ಹಿಡಿದು ಬರುವವರಿಗೆ ಬಾಗಿಲು ಮುಚ್ಚಬಾರದೆಂದರು. ನಿಮಗೇನು ಬೇಕೆಂದು ಖಲೀಫಾ ಒತ್ತಾಯಿಸಿದಾಗ, ಸೃಷ್ಟಿಗಳಿಂದ ತನಗೆ ಬೇಕಾದದ್ದು ಏನೂ ಇಲ್ಲವೆಂದು ಹೇಳಿ ಹೊರಟು ಹೋದರು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಲು ಅವರು ನಾಚಲಿಲ್ಲ. ತನ್ನ ಸ್ವಂತ ಅಭಿಪ್ರಾಯವನ್ನು ಜನರು ಧರ್ಮವಾಗಿ ಅನುಸರಿಸುವುದಕ್ಕೆ ಅಲ್ಲಾಹನ ಮುಂದೆ ನಾಚಿಕೆಯಾಗುತ್ತದೆ ಎನ್ನುತ್ತಿದ್ದರು. ಯುವಕನೊಬ್ಬ ಹದೀಸ್ ಹೇಳಿದರೆ, ಅವನು ಹುಟ್ಟುವ ಮೊದಲೇ ಅದನ್ನು ಕೇಳಿದ್ದರೂ, ಮೊದಲ ಸಲ ಕೇಳುವವರಂತೆ ಕಿವಿಗೊಡುತ್ತಿದ್ದರು. ಮುಪ್ಪಿನಲ್ಲಿ ದೇಹ ಬಳಲಿದಾಗಲೂ ನಮಾಝ್‌ಗೆ ನಿಂತು ಸೂರಃ ಅಲ್‌ಬಕರದ 200 ಆಯತ್‌ಗಳಷ್ಟು ಓದುತ್ತಿದ್ದರು. ಕುಂಟು ಕಾಲಿನಲ್ಲಿ, ಅಲುಗಾಡದೆ! ನಮ್ಮ ಎರಡೂ ಕಾಲುಗಳು ಗಟ್ಟಿಯಾಗಿವೆ. ಆದರೂ ಇಮಾಮರ ಓದು ಸ್ವಲ್ಪ ದೀರ್ಘವಾದರೆ ನಾವು ಗೊಣಗುತ್ತೇವೆ.

ಹಿಜರಿ 114ರಲ್ಲಿ, ಅಂದರೆ ಕ್ರಿ.ಶ. 732ರ ಸುಮಾರಿಗೆ, ಅವರು ಮಕ್ಕಾದಲ್ಲಿ ನಿಧನರಾದರು. ಆಗ ಅವರಿಗೆ ಸುಮಾರು 88 ವರ್ಷ. ಅಂದು ಜನರಿಗೆ ಅವರಷ್ಟು ಮೆಚ್ಚಿನವರು ಭೂಮಿಯ ಮೇಲೆ ಬೇರಿರಲಿಲ್ಲವೆಂದು ಇಮಾಮ್ ಔಝಾಈ(ರಹ್) ಸ್ಮರಿಸಿದ್ದಾರೆ.

ಪ್ರಿಯ ಓದುಗರೇ, ಅತಾ(ರಹ್)ರ ಛಲವನ್ನು ಮೆಚ್ಚಿ ಪುಟ ಮಗುಚಿದರೆ ಸಾಲದು. ಅವರಿಗೆ ಛಲವಿತ್ತು, ನಿಜ. ಆದರೆ ಅವರನ್ನು ಬಾಗಿಲಲ್ಲೇ ತಡೆದು ನಿಲ್ಲಿಸದ ಗುರುಗಳೂ ಇದ್ದರು. ಅವರ ರೂಪ ನೋಡಿ ಎದ್ದು ಹೋಗದ ಶಿಷ್ಯರೂ ಇದ್ದರು. ಅಂತಹ ಗುರುಗಳು, ಅಂತಹ ಸಹಪಾಠಿಗಳು, ಅಂತಹ ಹೆತ್ತವರು ನಮ್ಮ ಊರಿನಲ್ಲಿದ್ದಾರೆಯೇ? ಅಲ್ಲಾಹನು ನೋಡುವುದು ನಮ್ಮ ರೂಪವನ್ನಲ್ಲ, ಹೃದಯ ಮತ್ತು ಕರ್ಮಗಳನ್ನು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ, ಮದ್ರಸದ ಬೆಂಚಿನಲ್ಲಿ ಮರೆಯುತ್ತೇವೆ.

ಒಳಕೋಣೆಯಲ್ಲಿ ಕುಳಿತಿರುವ ಆ ಮಗುವನ್ನು ನಾಳೆ ಬೆಳಗ್ಗೆ ಕೈಹಿಡಿದು ಕರೆದೊಯ್ಯಿರಿ. ನಡೆಯಲಾಗದಿದ್ದರೆ ಎತ್ತಿಕೊಂಡು ಹೋಗಿರಿ. ಅಕ್ಷರ ಕಾಣದಿದ್ದರೆ ಕಿವಿಯಿಂದ ಕಲಿಸಿರಿ. ಅದಕ್ಕೆ ನಿಮ್ಮ ಅನುಕಂಪಕ್ಕಿಂತ ತರಗತಿಯ ಮುಂದಿನ ಸಾಲಿನಲ್ಲಿ ಒಂದು ಜಾಗ ಬೇಕಾಗಿದೆ. ಆ ಜಾಗವನ್ನು ಬಿಟ್ಟುಕೊಡುವ ಮನಸ್ಸನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ.