ಸರ್ ಎಂ.ವಿ. ಮತ್ತು ಬೆಂಗಳೂರಿಗೆ ಬಾರದ ಕಾರಿನ ಕಾರ್ಖಾನೆ

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಸೂರು ಪೇಟದ ಆ ಫೋಟೊಗೆ ಹಾರ ಬೀಳುತ್ತದೆ. ಕನ್ನಂಬಾಡಿ ಕಟ್ಟೆಯ ಬಗ್ಗೆ ನಾಲ್ಕು ಮಾತು, ಸಮಯಪಾಲನೆಯ ಬಗ್ಗೆ ಎರಡು ಮಾತು, ಅಲ್ಲಿಗೆ ಎಂಜಿನಿಯರ್‌ಗಳ ದಿನ ಮುಗಿಯಿತು. ಸರ್ ಎಂ. ವಿಶ್ವೇಶ್ವರಯ್ಯ ಅಣೆಕಟ್ಟು ಕಟ್ಟಿದವರೆಂದು ಎಲ್ಲರಿಗೂ ಗೊತ್ತು. ಆದರೆ ಎಪ್ಪತ್ತು ದಾಟಿದ ಮೇಲೆ ಅವರು ಕಾರಿನ ಕಾರ್ಖಾನೆಗಾಗಿ ವರ್ಷಗಟ್ಟಲೆ ಓಡಾಡಿದರು, ಅದು ಬೆಂಗಳೂರಿಗೆ ಬರುವ ಹಂತಕ್ಕೂ ತಲುಪಿ ಕೈತಪ್ಪಿತು ಎಂಬುದನ್ನು ಮೆಕ್ಯಾನಿಕಲ್ ಓದುವ ನಾವೇ ಹೆಚ್ಚು ಕೇಳಿಲ್ಲ.

ಅವರ ಬದುಕಿನ ಮೊದಲ ಭಾಗವನ್ನು ಬೇಗ ಹೇಳಿಬಿಡಬಹುದು. ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು, 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ್. ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಎಲ್ಲವೂ ಅವರ ಆರು ವರ್ಷದ ದಿವಾನಗಿರಿಯಲ್ಲೇ ಆದವು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ವಿಚಾರದಲ್ಲಿ ಮಹಾರಾಜರ ನಿಲುವಿಗೆ ಒಪ್ಪದೆ ಹುದ್ದೆ ಬಿಟ್ಟರು. ಆ ಒಂದು ವಿಷಯದಲ್ಲಿ ಕಾಲ ಮಹಾರಾಜರ ಪರವಾಗಿಯೇ ತೀರ್ಪು ಕೊಟ್ಟಿದೆ ಎನ್ನಬೇಕು. ದೊಡ್ಡವರನ್ನು ಗೌರವಿಸುವಾಗ ಇದನ್ನು ಮುಚ್ಚಿಡಬೇಕಾಗಿಲ್ಲ.

ನಮ್ಮ ಬಾಳೆಹೊನ್ನೂರಿನವರಿಗೆ ಅವರ ಕಥೆ ಹತ್ತಿರವಾಗುವುದು ಇಲ್ಲಿಂದ ಮುಂದೆ. ಊರ ಮಗ್ಗುಲಲ್ಲಿ ಹರಿಯುವ ಭದ್ರೆ ಲಕ್ಕವಳ್ಳಿ ದಾಟಿ ಭದ್ರಾವತಿ ಸೇರುತ್ತಾಳೆ. ಅಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. ಅದಿರು ನಮ್ಮ ಜಿಲ್ಲೆಯ ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. ಕಾರ್ಖಾನೆ ನಷ್ಟದಲ್ಲಿ ಮುಳುಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದಾಗ ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ನಿಂತು ಅದನ್ನು ದಡ ಮುಟ್ಟಿಸಿದರು. ಕಬ್ಬಿಣ ಬಂತು, ಅದರಿಂದ ಏನು ಮಾಡಬೇಕು? ಈ ಪ್ರಶ್ನೆಗೆ ಅವರು ಹುಡುಕಿದ ಉತ್ತರಗಳಲ್ಲಿ ಒಂದು ಮೋಟಾರು ಕಾರು.

ಆಗ ಭಾರತದಲ್ಲಿ ಓಡುತ್ತಿದ್ದ ಕಾರುಗಳೆಲ್ಲ ಹೊರದೇಶದವು. ಕೆಲವು ಇಡಿಯಾಗಿ ಬರುತ್ತಿದ್ದವು, ಕೆಲವು ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಬರೀ ಜೋಡಣೆಯಿಂದ ದೇಶಕ್ಕೆ ವಿದ್ಯೆ ಬರುವುದಿಲ್ಲ ಎಂಬುದು ಅವರ ವಾದ. ಒಂದು ಕಾರನ್ನು ಪೂರ್ತಿ ಇಲ್ಲೇ ಮಾಡಹೊರಟರೆ ಎರಕದ ಮನೆ ಬೇಕು, ಒಳ್ಳೆಯ ಉಕ್ಕು ಬೇಕು, ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಕೊರೆಯುವ ಯಂತ್ರ ಬೇಕು, ರಬ್ಬರು, ಗಾಜು, ಬಣ್ಣ, ಬ್ಯಾಟರಿ ಎಲ್ಲ ಬೇಕು. ಒಂದು ಕಾರ್ಖಾನೆಯ ಹಿಂದೆ ನೂರು ಸಣ್ಣ ಕಾರ್ಖಾನೆಗಳು ಹುಟ್ಟುತ್ತವೆ. 1935ರಲ್ಲಿ, 74ನೇ ವಯಸ್ಸಿನಲ್ಲಿ, ಅವರು ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಅಲ್ಲಿನ ಕಾರು ಕಾರ್ಖಾನೆಗಳನ್ನು ನೋಡಿದರು. ವಾಪಸು ಬಂದು ಬಾಂಬೆಯಲ್ಲಿ ಕಾರ್ಖಾನೆ ತೆರೆಯುವ ಯೋಜನೆ ಬರೆದರು. 1937ರಲ್ಲಿ ಅಲ್ಲಿ ಬಂದ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ನಿಂತಿತು. ಆದರೆ 1939ರಲ್ಲಿ ಮಹಾಯುದ್ಧ ಶುರುವಾಗಿ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟವು. ಯೋಜನೆ ಅಲ್ಲಿಗೆ ನಿಂತಿತು.

ಅವರು ಬಿಡಲಿಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಅಮೆರಿಕದ ಕ್ರೈಸ್ಲರ್ ಕಂಪನಿ ತಾಂತ್ರಿಕ ನೆರವಿಗೆ ಒಪ್ಪಿತ್ತು. 1940ರ ಹೊತ್ತಿಗೆ ಕಾರ್ಖಾನೆಯನ್ನು ಬೆಂಗಳೂರಿಗೆ ತರುವ ಮಾತುಕತೆ ನಡೆದು ಮೈಸೂರು ಸರ್ಕಾರವೂ ಮುಂದೆ ಬಂತು. ಆಗ ಅಡ್ಡ ಬಂದದ್ದು ಬ್ರಿಟಿಷರ ಭಾರತ ಸರ್ಕಾರ. ಯುದ್ಧಕಾಲದಲ್ಲಿ ಇಂಥದ್ದಕ್ಕೆ ಒಪ್ಪಿಗೆ ಸಿಗಲಿಲ್ಲ, ಮೈಸೂರು ಹಿಂದೆ ಸರಿಯಬೇಕಾಯಿತು. ವಿಚಿತ್ರವೆಂದರೆ ಅದೇ 1940ರ ಡಿಸೆಂಬರ್‌ನಲ್ಲಿ ಅದೇ ವಾಲ್‌ಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಯುದ್ಧಕ್ಕೆ ವಿಮಾನ ಬೇಕಿತ್ತು, ನಮ್ಮ ಕಾರು ಬೇಕಿರಲಿಲ್ಲ. ಇವತ್ತಿನ ಎಚ್‌ಎಎಲ್ ಆ ಸಂಸ್ಥೆಯೇ.

ಕಾರಿನ ಕಾರ್ಖಾನೆ ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಬಾಂಬೆಯಲ್ಲೇ ಹುಟ್ಟಿತು. ಮೊದಲು ಅಮೆರಿಕದ ದೊಡ್ಡ ಕಾರುಗಳ ಜೋಡಣೆ, ಆಮೇಲೆ ಇಟಲಿಯ ಫಿಯೆಟ್ ಜೊತೆ ಒಪ್ಪಂದ. ಮಲೆನಾಡಿನ ತೋಟದ ಮನೆಗಳ ಹಳೆಯ ಫೋಟೊಗಳಲ್ಲಿ ಅಂಗಳದಲ್ಲಿ ನಿಂತಿರುವ ಫಿಯೆಟ್, ಪದ್ಮಿನಿ ಕಾರುಗಳು ಈ ಕಾರ್ಖಾನೆಯವೇ.

ಆ ಕಾರಿನ ಎಂಜಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾಲ್ಕು ಸಿಲಿಂಡರ್, ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಲೆಕ್ಕ ಹಾಕಿದರೆ 1089 ಸಿಸಿ. ಶಕ್ತಿ ಸುಮಾರು 40 ಅಶ್ವಶಕ್ತಿ. ಬ್ಲಾಕ್ ಎರಕದ ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಂ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಲು ಕಾರ್ಬ್ಯುರೇಟರ್, ಕಿಡಿ ಹಂಚಲು ಡಿಸ್ಟ್ರಿಬ್ಯೂಟರ್, ಅದರೊಳಗೆ ಪಾಯಿಂಟ್ ಸೆಟ್.

ಇದರ ತೊಂದರೆಗಳು ನಮ್ಮ ಘಾಟಿಗಳಿಗೆ ಹೇಳಿ ಮಾಡಿಸಿದಂತಿದ್ದವು. ಆಗುಂಬೆ ಅಥವಾ ಚಾರ್ಮಾಡಿ ಹತ್ತುವಾಗ ಎಂಜಿನ್ ಸಣ್ಣ ಗೇರಿನಲ್ಲಿ ಜೋರಾಗಿ ತಿರುಗುತ್ತದೆ, ಕಾರು ಮಾತ್ರ ನಿಧಾನ. ರೇಡಿಯೇಟರಿಗೆ ಸಾಕಷ್ಟು ಗಾಳಿ ತಾಗದೆ ನೀರು ಕುದಿಯುತ್ತದೆ. ಹಾಗೇ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಕಬ್ಬಿಣದ ಬ್ಲಾಕಿಗಿಂತ ಹೆಚ್ಚು ಹಿಗ್ಗಿ ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ ಹೋಗುತ್ತದೆ, ನೀರು ಎಣ್ಣೆಗೆ ಸೇರುತ್ತದೆ. ಇನ್ನೊಂದು ತೊಂದರೆ ಪೆಟ್ರೋಲ್ ಪಂಪಿನದು. ಬಿಸಿ ಎಂಜಿನ್ನಿಗೇ ಅಂಟಿಕೊಂಡಿದ್ದ ಪಂಪು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯಬೇಕಿತ್ತು. ಎಳೆಯುವಾಗ ಒತ್ತಡ ಇಳಿಯುವುದರಿಂದ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗುಳ್ಳೆ ಕಟ್ಟುತ್ತಿತ್ತು. ಪಂಪಿಗೆ ಗುಳ್ಳೆಯನ್ನು ತಳ್ಳಲು ಬರುವುದಿಲ್ಲ, ಗಾಡಿ ನಿಲ್ಲುತ್ತದೆ. ಬಾನೆಟ್ ತೆಗೆದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದೇ ಮದ್ದು. ಮಳೆಗಾಲದ ಥಂಡಿಗೆ ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ತೇವ ಕೂತು ಬೆಳಿಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ರಿಂಗ್ ಸವೆದರೆ ನೀಲಿ ಹೊಗೆ, ಆಮೇಲೆ ರೀಬೋರ್.

1983ರಲ್ಲಿ ಮಾರುತಿ 800 ಬಂತು. ಅದರ ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ., ಸಿಲಿಂಡರ್ ಮೂರೇ, ಒಟ್ಟು 796 ಸಿಸಿ. ಪಿಸ್ಟನ್ನಿನ ಅಗಲ ಹೆಚ್ಚುಕಡಿಮೆ ಪದ್ಮಿನಿಯದೇ, ಒಂದು ಸಿಲಿಂಡರ್ ಕಡಿಮೆ, ಆದರೂ ಶಕ್ತಿ ಸುಮಾರು ಅಷ್ಟೇ. ಗಾಡಿಯ ತೂಕ ಬಹಳ ಕಡಿಮೆ. ಇಬ್ಬರ ಪಿಸ್ಟನ್ನುಗಳನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಕಾಣದು, ವ್ಯತ್ಯಾಸವಿದ್ದದ್ದು ಅವುಗಳ ನಡುವೆ ಕಳೆದ ಮೂವತ್ತು ವರ್ಷಗಳ ಸಂಶೋಧನೆಯಲ್ಲಿ. ಆ ಸಂಶೋಧನೆ ನಡೆದದ್ದು ಜಪಾನಿನಲ್ಲಿ. ನಾವು ಇಟಲಿಯ ನಕ್ಷೆಯನ್ನು ತಂದು, ಲೈಸೆನ್ಸಿನ ನೆರಳಿನಲ್ಲಿ, ಪೈಪೋಟಿಯೇ ಇಲ್ಲದೆ, ಅದನ್ನೇ ದಶಕಗಟ್ಟಲೆ ಅಚ್ಚು ಹಾಕುತ್ತಿದ್ದೆವು.

ವಿಶ್ವೇಶ್ವರಯ್ಯನವರ ಆಸೆ ನಿಜಕ್ಕೂ ಈಡೇರಿತೇ ಎಂಬ ಪ್ರಶ್ನೆ ನನ್ನನ್ನು ಕಾಡುವುದು ಇಲ್ಲಿ. ಕಾರ್ಖಾನೆ ಬಂತು, ಸಾವಿರಾರು ಜನರಿಗೆ ಕೆಲಸ ಸಿಕ್ಕಿತು, ಬಿಡಿಭಾಗಗಳ ಉದ್ಯಮ ಬೆಳೆಯಿತು. ಆದರೆ ಹೊಸ ಎಂಜಿನ್ ರೂಪಿಸುವ ವಿದ್ಯೆ ತಡವಾಗಿ ಬಂತು. ದೇಶದ ಕಂಪನಿಯೊಂದು ತಾನೇ ರೂಪಿಸಿದ ಸಣ್ಣ ಕಾರು ಟಾಟಾ ಇಂಡಿಕಾ ರಸ್ತೆಗೆ ಬಂದದ್ದು 1998ರಲ್ಲಿ, ಅವರು ತೀರಿಕೊಂಡ 36 ವರ್ಷಗಳ ನಂತರ. ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಶುರುವಾದದ್ದೂ ಅದೇ ವರ್ಷ.

ಈಗಿನ ಸಣ್ಣ ಪೆಟ್ರೋಲ್ ಕಾರಿನಲ್ಲಿ ಆ ಹಳೆಯ ತೊಂದರೆಗಳು ಬಹುತೇಕ ಇಲ್ಲ. ಪಂಪು ಟ್ಯಾಂಕಿನೊಳಗೇ ಕೂತು ಪೆಟ್ರೋಲನ್ನು ಒತ್ತಡದಿಂದ ತಳ್ಳುತ್ತದೆ, ಹಾಗಾಗಿ ಗುಳ್ಳೆ ಕಟ್ಟುವುದು ಅಪರೂಪ. ಪಾಯಿಂಟ್ ಸೆಟ್ ಇಲ್ಲ, ಹೆಚ್ಚಿನ ಕಾರುಗಳಲ್ಲಿ ಪ್ರತಿ ಪ್ಲಗ್ಗಿಗೂ ಬೇರೆ ಕಾಯಿಲ್. ಬದಲಿಗೆ ಇಂಜೆಕ್ಟರಿನಲ್ಲಿ ಕಸ, ಥ್ರಾಟಲ್ ಬಾಡಿಯಲ್ಲಿ ಕಾರ್ಬನ್, ಕೈಕೊಡುವ ಸೆನ್ಸರ್, ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಹಳದಿ ದೀಪ. ಸ್ಕ್ಯಾನರ್ ಸಿಕ್ಕಿಸಿದರೆ ಒಂದು ಕೋಡ್ ಬರುತ್ತದೆ. ಆ ಕೋಡ್ ತೊಂದರೆ ಯಾವ ಕಡೆ ಇದೆ ಎಂದು ತೋರಿಸುತ್ತದೆಯೇ ಹೊರತು ಯಾಕೆ ಬಂತು ಎಂದು ಹೇಳುವುದಿಲ್ಲ. ಕಾರಣ ಹುಡುಕಲು ಒಳಗೆ ಏನು ನಡೆಯುತ್ತದೆಂದು ಗೊತ್ತಿರಬೇಕು. ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ ಏರಿದಂತೆ ಹಳೆಯ ಗಾಡಿಗಳ ರಬ್ಬರ್ ಪೈಪ್, ಸೀಲುಗಳ ಕಡೆಗೂ ಕಣ್ಣಿಡಬೇಕಾಗಿದೆ.

ಇದನ್ನೆಲ್ಲ ಬರೆಯಲು ಕಾರಣವಿದೆ. ನಮ್ಮ ತರಗತಿಯಲ್ಲಿ ಮೆಕ್ಯಾನಿಕಲ್ ತೆಗೆದುಕೊಂಡವರನ್ನು ಅಯ್ಯೋ ಪಾಪ ಎಂದು ನೋಡುವುದು ಮಾಮೂಲು. ಪೆಟ್ರೋಲ್ ಎಂಜಿನ್ನಿನ ಕಾಲ ಮುಗಿಯಿತು, ಇನ್ನೇನಿದ್ದರೂ ಬ್ಯಾಟರಿ ಕಾರು ಎಂಬ ಮಾತೂ ಇದೆ. ಇರಬಹುದು. ಆದರೆ ಬ್ಯಾಟರಿ ಕಾರಿಗೂ ಅದೇ ಪ್ರಶ್ನೆ ಕಾದಿದೆ. ಸೆಲ್ಲು ಹೊರಗಿನಿಂದ, ಮೋಟಾರಿನ ಆಯಸ್ಕಾಂತ ಹೊರಗಿನಿಂದ ಬಂದು ಇಲ್ಲಿ ಬರೀ ಜೋಡಣೆಯಾದರೆ ನಾವು ಮತ್ತೆ 1935ರಲ್ಲೇ ನಿಂತಿರುತ್ತೇವೆ. ಬೆಂಗಳೂರಿನಲ್ಲಿ ಕೂತು ವಿದೇಶಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಸಾವಿರಾರು ಹುಡುಗ ಹುಡುಗಿಯರಿದ್ದಾರೆ. ಕೆಲಸ ಒಳ್ಳೆಯದೇ. ಜೊತೆಗೆ ಆ ಸಾಫ್ಟ್‌ವೇರ್ ಯಾವ ಲೋಹವನ್ನು ಕುಣಿಸುತ್ತಿದೆ ಎಂಬುದೂ ಗೊತ್ತಿದ್ದರೆ ನಾಳೆ ನಮ್ಮದೇ ಯಂತ್ರ ರೂಪಿಸಬಹುದು.

ವಿಶ್ವೇಶ್ವರಯ್ಯನವರು 1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆ ಕಟ್ಟಿದರು, ಅಷ್ಟರಲ್ಲಿ ವಯಸ್ಸು 80 ಮುಟ್ಟಿತ್ತು. ಬೆಂಗಳೂರಿನ ಕಾರ್ಖಾನೆ ಕೈತಪ್ಪಿ ಹೆಚ್ಚು ದಿನವೂ ಆಗಿರಲಿಲ್ಲ. 1955ರಲ್ಲಿ ಭಾರತ ರತ್ನ ಬಂತು, 1962ರ ಏಪ್ರಿಲ್‌ನಲ್ಲಿ ನೂರು ದಾಟಿ ಕಣ್ಣು ಮುಚ್ಚಿದರು. ಪ್ಲೇಸ್‌ಮೆಂಟಿನಲ್ಲಿ ಎರಡು ಕಂಪನಿ ಬೇಡವೆಂದರೆ ಕುಸಿದು ಕೂರುವ ನಮಗೆ, ಎರಡು ಸರ್ಕಾರಗಳ ಬಾಗಿಲು ಮುಚ್ಚಿದ ಮೇಲೂ ಮೂರನೆಯದನ್ನು ತಟ್ಟಿದ ಈ ಮುದುಕರ ಕಥೆ ಕಟ್ಟೆಯ ಕಥೆಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.