ಮುಟ್ಟಿದರೆ ಮುನಿ ಮತ್ತು ದ ಮೇರಾನ್

ಸಂಜೆಯಾದೊಡನೆ ಮುಟ್ಟಿದರೆ ಮುನಿ ಗಿಡವು ಎಲೆಗಳನ್ನು ಮಡಚಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಏಕೆ ಹೀಗೆ ಎಂದು ಕೇಳಿದವರು ವಿರಳ. ಅಂಥವರಲ್ಲಿ ಫ್ರಾನ್ಸಿನ ಝಾನ್ ಝಾಕ್ ದ ಮೇರಾನ್ ಅಗ್ರಗಣ್ಯನು.

ಈತನು 1678ರಲ್ಲಿ ದಕ್ಷಿಣ ಫ್ರಾನ್ಸಿನ ಬೆಝಿಯೇ ಪಟ್ಟಣದಲ್ಲಿ ಜನಿಸಿದನು. ಎಳವೆಯಲ್ಲಿ ತಂದೆಯನ್ನೂ ಹದಿಹರೆಯದಲ್ಲಿ ತಾಯಿಯನ್ನೂ ಕಳೆದುಕೊಂಡನು. ತುಲೂಸಿನಲ್ಲಿ ಪ್ರಾಚೀನ ಗ್ರೀಕ್ ಓದಿ, ಬಳಿಕ ಪ್ಯಾರಿಸಿನಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಕಲಿತನು. ಕಲಾ ವಿಭಾಗದ ನನ್ನಂಥವನಿಗೆ ಇದು ಧೈರ್ಯ ಕೊಡುವ ಸಂಗತಿ. 1718ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಸದಸ್ಯನಾದನು.

1729ರಲ್ಲಿ ಈತನು ಗಿಡವೊಂದನ್ನು ಬಿಸಿಲು ಸುಳಿಯದ ಕತ್ತಲೆಯಲ್ಲಿಟ್ಟು ನೋಡಿದನು. ಅದು ಮುಟ್ಟಿದರೆ ಮುನಿಯೇ ಇರಬೇಕೆಂದು ವಿದ್ವಾಂಸರ ಊಹೆ. ಕತ್ತಲೆಯಲ್ಲಿಯೂ ಅದರ ಎಲೆಗಳು ಹಗಲಿನಲ್ಲಿ ತೆರೆದವು, ಇರುಳಿನಲ್ಲಿ ಮುಚ್ಚಿದವು! ಈ ವಿಷಯವನ್ನು ಅಕಾಡೆಮಿಗೆ ತಿಳಿಸಿದವನು ಸ್ನೇಹಿತ ಮಾರ್ಶಾಂ. ಹಾಸಿಗೆ ಹಿಡಿದ ರೋಗಿಗಳು ಹಗಲಿರುಳುಗಳ ವ್ಯತ್ಯಾಸವನ್ನು ಅರಿಯುವುದಕ್ಕೂ ಇದಕ್ಕೂ ಸಂಬಂಧವಿರಬಹುದೆಂಬ ಮಾತು ಆ ಪುಟ್ಟ ವರದಿಯಲ್ಲಿದೆ.

ಗಿಡವು ಸೂರ್ಯನನ್ನು ಕಾಣದೆಯೇ ಅರಿಯುತ್ತದೆಂಬುದು ಅಂದಿನ ವಿವರಣೆ. ಮೇರಾನ್ 1771ರಲ್ಲಿ ತೀರಿಕೊಂಡನು. 1832ರಲ್ಲಿ ಕಾಂಡೋಲ್ ಎಂಬ ಸಸ್ಯಶಾಸ್ತ್ರಜ್ಞನು, ಸದಾ ಒಂದೇ ಬೆಳಕಿನಲ್ಲಿಟ್ಟ ಗಿಡದ ದಿನವು 22-23 ಗಂಟೆಗೇ ಮುಗಿಯುವುದನ್ನು ತೋರಿಸಿದನು. ಸೂರ್ಯನನ್ನೇ ಅನುಸರಿಸುವುದಾದರೆ 24 ಗಂಟೆ ಇರಬೇಕಿತ್ತಲ್ಲವೆ? ಎಂದಮೇಲೆ ಗಡಿಯಾರವಿರುವುದು ಗಿಡದ ಒಳಗೇ.

ನಮ್ಮೊಳಗೂ ಅಂಥ ಗಡಿಯಾರವಿದೆ. ಮಿದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲಿರುವ ಜೀವಕೋಶಗಳ ಸಣ್ಣ ಗುಂಪೇ ಅದು. ಮುಂಜಾವಿನ ಬೆಳಕು ದಿನವೂ ಅದನ್ನು ಸರಿಪಡಿಸುತ್ತದೆ. ನೊಣದಲ್ಲಿ ಈ ಗಡಿಯಾರದ ಕೀಲನ್ನು ಕಂಡುಹಿಡಿದ ಮೂವರು ಅಮೆರಿಕನ್ನರಿಗೆ 2017ರ ನೊಬೆಲ್ ಪಾರಿತೋಷಕ ದೊರೆಯಿತು. ವರ್ಷಗಟ್ಟಲೆ ಈ ಗಡಿಯಾರಕ್ಕೆ ಎದುರಾಗಿ ದುಡಿದರೆ ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯ ಹೆಚ್ಚುತ್ತದೆಂದು ವೈದ್ಯರು ಹೇಳುತ್ತಾರೆ.

ನನ್ನ ತಂದೆಯವರು ಹಲವು ವರ್ಷಗಳಿಂದ ರಾತ್ರಿ ಪಾಳಿಯವರು. ಹಗಲು ಬಾಗಿಲು ಮುಚ್ಚಿ ಮಲಗಿದರೂ ಅವರಿಗೆ ನಿದ್ದೆ ಹತ್ತುವುದಿಲ್ಲ, ಎದ್ದರೆ ಆಯಾಸ. ಅದನ್ನು ಸೋಮಾರಿತನವೆಂದು ಆಡಿಕೊಂಡವರುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ನನ್ನ ಶುಲ್ಕವನ್ನು ತೆತ್ತದ್ದು ಅವರ ನಿದ್ದೆಗೆಟ್ಟ ರಾತ್ರಿಗಳು. ದೇಹಕ್ಕೆ ತನ್ನದೇ ವೇಳೆಯುಂಟು, ಅದು ಮನುಷ್ಯನ ಹಟಕ್ಕೆ ಬಗ್ಗದು ಎಂದು ಆಡಿಕೊಂಡವರಿಗೆ ಹೇಳಲು ಮೇರಾನನ ಗಿಡವು ನನಗೆ ಆಧಾರವಾಯಿತು.